ಆಪರೇಟರಮ್ಮನ ಪಿಕಪ್ಪಿಗೆ ಕಿವಿ ಬಂದದ್ದು

ಟೆಲಿಫೋನ್ ನಿವೃತ್ತರ ಸಂಘದ ವಾರ್ಷಿಕ ಸಭೆಯಲ್ಲಿ ಈ ಸಲ ತಾನು ಗಿಟಾರ್ ನುಡಿಸುವ ರಭಸಕ್ಕೆ ಮೊದಲ ಸಾಲಿನವರ ಕನ್ನಡಕಗಳೆಲ್ಲ ಮೂಗಿನ ತುದಿಗೆ ಜಾರದಿದ್ದರೆ ತನ್ನ ಹೆಸರನ್ನೇ ಬದಲಿಸಿಕೊಳ್ಳುವುದಾಗಿ ಆಪರೇಟರಮ್ಮ ಬೆಳಗಿನ ಕಾಫಿಯ ಹೊತ್ತಿಗೇ ಘೋಷಿಸಿಬಿಟ್ಟರು.

"ಬದಲಿಸಿಕೊಳ್ಳೋಕೆ ನಿನ್ನ ಹೆಸರು ಯಾರಿಗೆ ನೆನಪಿದೆ?" ಎಂದರು ಗಂಡ, ಲೋಟದಿಂದ ಮುಖ ಎತ್ತದೆ.

ಅದೂ ಸುಳ್ಳಲ್ಲ. ಮೂವತ್ತಾರು ವರ್ಷ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅವರಿವರ ಮಾತನ್ನು ಇವರವರಿಗೆ ಜೋಡಿಸಿದ ಆಕೆಯನ್ನು ಬೀದಿಯವರೆಲ್ಲ ಆಪರೇಟರಮ್ಮ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಗಂಡನೂ ಹಾಗೆಯೇ ಕರೆಯುತ್ತಿದ್ದರು. ಸಿಟ್ಟು ಆಗಾಗ ಬರುತ್ತಿತ್ತು.

ಗಂಡನನ್ನು ಜನ ಹಲ್ಲಿನವರು ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸಿದರೆ ಅವರು ಮೇಣದಲ್ಲಿ ತಿದ್ದಿ, ಗುಲಾಬಿ ಬಣ್ಣದ ಒಸಡು ಕೂರಿಸಿ, ಮೋಟರಿಗೆ ಹಿಡಿದು ಉಜ್ಜಿ, ಥಳಥಳ ಹೊಳೆಯುವ ಸೆಟ್ ಮಾಡಿಕೊಡುತ್ತಿದ್ದರು. ಸೆಟ್ ಎಲ್ಲಾದರೂ ಒತ್ತಿದರೆ, ಸಡಿಲವಾದರೆ, ಅದರ ಒಡೆಯರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಪಕ್ಕದ ಬಾಗಿಲಿನಿಂದ ಬಂದು ಹೋಗುತ್ತಿದ್ದರು. ಯಾರು ಬಂದರು, ಯಾರ ಬಾಯಲ್ಲಿ ಸ್ವಂತದ್ದು ಎಷ್ಟು, ತಂದದ್ದು ಎಷ್ಟು ಎಂಬ ಸುದ್ದಿ ಆ ಬಾಗಿಲು ದಾಟಿದ್ದೇ ಇಲ್ಲ. "ಅರ್ಧ ಊರಿನ ನಗು ನನ್ನ ಕೈಯಲ್ಲಿದೆ, ಬಾಯಲ್ಲಿ ಮಾತ್ರ ಬರಲ್ಲ" ಎನ್ನುವುದು ಹಲ್ಲಿನವರ ಹೆಮ್ಮೆಯಾಗಿತ್ತು.

ಆಪರೇಟರಮ್ಮನ ಹೆಮ್ಮೆ ಗಿಟಾರು. ನಿವೃತ್ತಿಯಾದ ವಾರವೇ ಒಂದು ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದಿದ್ದರು. "ಇಷ್ಟು ವರ್ಷ ಕಿವಿ ಕೊಟ್ಟಿದ್ದು ನಾನು. ಇನ್ಮೇಲೆ ಮಿಕ್ಕವರು ಕೊಡಲಿ" ಎಂದಿದ್ದರು. ಮೂರು ವರ್ಷ ಕಲಿತು, ಬೆರಳ ತುದಿ ಜಡ್ಡುಗಟ್ಟಿ, ಈಗ ತಾವೇ ಕಟ್ಟಿದ ಒಂದು ಧಾಟಿ ಕೈಗೆ ಕೂತಿತ್ತು. ಅದರ ಹೆಸರು ಟ್ರಂಕ್ ಕಾಲ್. ಮೊದಲು ಒಂದು ಕರೆ ಬರುತ್ತದೆ, ಆಮೇಲೆ ಇನ್ನೊಂದು, ನೋಡುನೋಡುತ್ತ ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತವೆ, ಆಪರೇಟರಿಗೆ ಇರುವುದು ಎರಡೇ ಕೈ. ಕೊನೆಗೆ ಎಲ್ಲ ಲೈನುಗಳೂ ಒಂದರ ಮೇಲೊಂದು ಬಿದ್ದು ಗದ್ದಲವೋ ಗದ್ದಲ. ಆ ಗದ್ದಲದಲ್ಲೇ ಧಾಟಿಯ ಜೀವ ಇದ್ದದ್ದು. ಗಂಡನನ್ನು ಬಿಟ್ಟರೆ ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಹೀಗಿರುವಾಗ ಸಂಘದ ಕಾರ್ಯಕ್ರಮ ಪಟ್ಟಿ ಕೈಗೆ ಬಂತು. ಅದರ ತಳದಲ್ಲಿ ಹೀಗೆ ಬರೆದಿತ್ತು: 'ಭೋಜನ ಸಮಯದಲ್ಲಿ ಸೋದರಿಯೊಬ್ಬರಿಂದ ಮಂದವಾದ ಹಿನ್ನೆಲೆ ಸಂಗೀತ. ಐದು ನಿಮಿಷ.'

ಬರೆದವರು ಸಂಘದ ಕಾರ್ಯದರ್ಶಿ. ಕೆಲಸದಲ್ಲಿದ್ದಾಗ ಅವರೇ ಸೂಪರ್‌ವೈಸರು. ಇಪ್ಪತ್ತು ವರ್ಷ ಆಪರೇಟರುಗಳ ಕುರ್ಚಿಯ ಹಿಂದೆ ಕೈ ಕಟ್ಟಿ ಓಡಾಡುತ್ತ "ದನಿ ತಗ್ಗಿಸಿ, ದನಿ ತಗ್ಗಿಸಿ" ಎನ್ನುತ್ತಿದ್ದ ಮನುಷ್ಯ.

"ಮಂದ ಅಂತೆ, ಮಂದ" ಎಂದು ಆಪರೇಟರಮ್ಮ ಪಟ್ಟಿಯನ್ನು ನಾಲ್ಕಾಗಿ ಮಡಚಿ ಅಲುಗಾಡುವ ಮೇಜಿನ ಕಾಲಿನಡಿ ತುರುಕಿದರು. "ಈ ಸಲ ಗೊತ್ತಾಗತ್ತೆ ಅವರಿಗೆ."

ತೊಡಕಿದ್ದದ್ದು ಗಿಟಾರಿನಲ್ಲೇ. ದನಿ ಏರಿಸಿದರೆ ಅದು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಮುಂದಿನ ಕೋಣೆಯಲ್ಲಿ ಹಲ್ಲುಜ್ಜುವ ಮೋಟರು ತಿರುಗಿತೆಂದರೆ ಮುಗಿಯಿತು, ಆ ಗುಂಯ್ ಗೊರಕೆಯಾಗುತ್ತಿತ್ತು.

"ರೀ, ಆ ಮೋಟರ್ ನಿಲ್ಲಿಸ್ತೀರಾ?"

"ಹೇಗೆ ನಿಲ್ಲಿಸಲಿ? ಮಧ್ಯಾಹ್ನದ ಊಟಕ್ಕೆ ಒಬ್ಬರಿಗೆ ಹಲ್ಲು ಬೇಕು."

"ನನಗೆ ನಿಶ್ಶಬ್ದ ಬೇಕು."

"ನಿಶ್ಶಬ್ದ ಬೇಕಾದವರು ಎಲೆಕ್ಟ್ರಿಕ್ ಗಿಟಾರ್ ತರ್ತಾರಾ?"

ಈ ಪ್ರಶ್ನೆಗೆ ಉತ್ತರವಾಗಿ ಆಪರೇಟರಮ್ಮ ಸಭೆಯ ಹಿಂದಿನ ದಿನ ಗಿಟಾರನ್ನು ಹೆಗಲಿಗೇರಿಸಿ ವಾದ್ಯ ರಿಪೇರಿ ಅಂಗಡಿಗೆ ನಡೆದರು.

ಅಂಗಡಿಯಲ್ಲಿದ್ದದ್ದು ಹಣೆಗೆ ಭೂತಗನ್ನಡಿ ಕಟ್ಟಿಕೊಂಡ, ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ಒಬ್ಬ ಹೆಂಗಸು. ಅವಳು ಗಿಟಾರನ್ನು ಮಗುಚಿ ನೋಡಿ, ತಂತಿಗಳ ಕೆಳಗೆ ಕೂತಿದ್ದ ಮೂರು ಸಣ್ಣ ಪಟ್ಟಿಗಳನ್ನು ಉಗುರಿನಿಂದ ತಟ್ಟಿದಳು.

"ತಪ್ಪು ನಿಮ್ಮವರ ಮೋಟರಿಂದಲ್ಲ ಆಂಟಿ, ಈ ಪಿಕಪ್‌ಗಳದು. ಇವು ಸಿಂಗಲ್ ಕಾಯಿಲ್. ಅಯಸ್ಕಾಂತಕ್ಕೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಿರ್ತಾರೆ. ಒಂದೇ ಸುರುಳಿ. ತಂತಿ ಮೀಟಿದ್ದೂ ಎಳ್ಕೊಳ್ಳತ್ತೆ, ಸುತ್ತಮುತ್ತ ಕರೆಂಟಿನ ಗಲಾಟೆ ಇದ್ರೆ ಅದನ್ನೂ ಎಳ್ಕೊಳ್ಳತ್ತೆ."

"ಮತ್ತೆ ಜನ ಯಾಕೆ ಇದನ್ನ ಹಾಕಿಸ್ಕೋತಾರೆ?"

"ದನಿಗೆ. ಒಬ್ಬರು ಗಣಿತದ ಮೇಷ್ಟ್ರು ಬರ್ತಾರೆ, ಅವರಿಗೆ ಒಂದೊಂದು ಸ್ವರಾನೂ ಗಾಜಿನ ಗೋಲಿ ಬಿದ್ದ ಹಾಗೆ ಬೇರೆಬೇರೆ ಕೇಳಬೇಕು. ಅಂಥವರಿಗೆ ಇದೇ ಆಗಬೇಕು. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬರಿದ್ದಾರೆ, ಅವರು ನುಡಿಸಿದರೆ ಗೋಡೆ ಮೇಲಿನ ಕ್ಯಾಲೆಂಡರ್ ಉದುರಬೇಕು. ಅವರಿಗೆ ಹಂಬಕರ್. ಎರಡು ಸುರುಳಿ ಅಕ್ಕಪಕ್ಕ, ಒಂದರ ಗುಂಯ್ ಇನ್ನೊಂದು ನುಂಗಿಹಾಕತ್ತೆ. ದನಿ ದಪ್ಪ, ಎಷ್ಟು ಏರಿಸಿದ್ರೂ ತಡ್ಕೊಳ್ಳತ್ತೆ. ನೀವು ಎಲ್ಲಿ, ಸ್ವಲ್ಪ ನುಡಿಸಿ."

ಆಪರೇಟರಮ್ಮ ನಾಲ್ಕು ಸಾಲು ನುಡಿಸಿದರು. ರಿಪೇರಿಯವಳು ಅವರ ಮುಖ ನೋಡಲಿಲ್ಲ, ಬಲಗೈಯ ಬೆರಳುಗಳನ್ನೇ ನೋಡುತ್ತಿದ್ದಳು.

"ನಿಮ್ಮದು ಹಗುರ ಕೈ. ಪ್ಲಗ್ ಚುಚ್ಚಿ ತೆಗೆದ ಹಾಗೆ ಚುರುಕಾಗಿ ಮೀಟ್ತೀರಿ. ನನ್ನ ಕೇಳಿದ್ರೆ, ಗುಂಯ್ ಅನ್ನದ ಹಾಗೆ ಮಾಡಿರೋ ಸಿಂಗಲ್ ಕಾಯಿಲೇ ಬರತ್ತೆ, ಮೃದುವಾಗಿರತ್ತೆ, ಅದನ್ನೇ..."

"ಮೃದು" ಎಂದು ಆಪರೇಟರಮ್ಮ ತಡೆದರು. "ನನ್ನ ಕೈ ನೋಡಿ ಹೇಳ್ತಿದ್ದೀಯಾ, ತಲೆಗೂದಲು ನೋಡಿ ಹೇಳ್ತಿದ್ದೀಯಾ?"

"ಕೈ ನೋಡಿಯೇ."

"ಕೈ ಹಗುರ ಇರಬಹುದಮ್ಮ, ಆಸೆ ಹಗುರ ಇಲ್ಲ. ಆ ಮೆಕ್ಯಾನಿಕ್‌ದಕ್ಕಿಂತ ಒಂದು ಗುಲಗಂಜಿ ಜಾಸ್ತಿ ಇರೋದು ಕೊಡು."

ರಿಪೇರಿಯವಳು ತಗಡಿನ ಡಬ್ಬಿ ತಡಕಿ, ತಗಡು ಮುಚ್ಚಿದ ಒಂದು ಹಳೆಯ ಹಂಬಕರ್ ಹೊರತೆಗೆದಳು. "ಇದರಷ್ಟು ಜೋರಿನದು ನನ್ನ ಹತ್ರ ಇನ್ನೊಂದಿಲ್ಲ. ಆದ್ರೆ ಒಳಗಿನ ಮೇಣ ಒಣಗಿ ಉದುರಿಹೋಗಿದೆ. ಸುರುಳಿ ಸಡಿಲ, ಮೇಲಿನ ಮುಚ್ಚಳಾನೂ ಸಡಿಲ. ಹೀಗಾದ್ರೆ ಪಿಕಪ್ಪಿಗೆ ಕಿವಿ ಬರತ್ತೆ ಅಂತೀವಿ. ಜೋರು ಮಾಡಿದಾಗ ಮುಟ್ಟಿದ್ದು, ತಟ್ಟಿದ್ದು ಎಲ್ಲಾ ಕೇಳಿಸ್ಕೊಳ್ಳತ್ತೆ. ಬಿಸಿ ಮೇಣದಲ್ಲಿ ಅದ್ದಿ ಗಟ್ಟಿ ಮಾಡಬೇಕು. ಎರಡು ದಿನ ಬಿಡಿ."

"ಎರಡು ದಿನ ಎಲ್ಲಿದೆ? ನಾಳೆ ಸಭೆ. ಹಾಗೇ ಕೂರಿಸು."

ಆಪರೇಟರಮ್ಮನ ಗದ್ದ ಮುಂದೆ ಬಂದದ್ದನ್ನು ನೋಡಿ ರಿಪೇರಿಯವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಸಂಜೆಯೊಳಗೆ ಪಿಕಪ್ ಕೂತಿತು.

ಮನೆಯಲ್ಲಿ ಸದ್ದು ತಗ್ಗಿಸಿಯೇ ನುಡಿಸಿ ನೋಡಿದರು. ಮೋಟರು ತಿರುಗುತ್ತಿದ್ದರೂ ಗುಂಯ್ ಎನ್ನಲಿಲ್ಲ. ದನಿ ಎಂದರೆ ಕಂಬಳಿ ಹೊದ್ದ ಗುಡುಗಿನ ಹಾಗೆ. ಆಪರೇಟರಮ್ಮನಿಗೆ ಮೈಯೆಲ್ಲ ಜುಮ್ಮೆಂದಿತು. ಹಲ್ಲಿನವರು ಬಾಗಿಲಲ್ಲಿ ನಿಂತು ಕೇಳಿದರು. ರಿಪೇರಿಯವಳು ಹೇಳಿದ್ದನ್ನೂ ಕೇಳಿ ತಿಳಿದುಕೊಂಡರು.

"ಮೇಣ ತಾನೇ? ನನ್ನ ಹತ್ರ ಪಾತ್ರೆಗಟ್ಟಲೆ ಇದೆ. ಬಿಚ್ಚಿಕೊಡು, ಅರ್ಧ ಗಂಟೆಯಲ್ಲಿ ಅದ್ದಿಕೊಡ್ತೀನಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಲ್ಲಿನವರು ಇನ್ನೊಂದು ಮಾತು ಸೇರಿಸಿದರು: "ಆ ಹುಡುಗಿ ಹೇಳಿದ ಮೃದುವಾದ್ದೇ ಹಾಕಿಸ್ಕೋಬಹುದಿತ್ತು. ಈ ವಯಸ್ಸಲ್ಲಿ ಯಾಕೆ ಇಷ್ಟೊಂದು ಸದ್ದು?"

"ನಿಮ್ಮ ಮೇಣ ನಿಮ್ಮ ಹಲ್ಲಿಗೇ ಇಟ್ಕೊಳ್ಳಿ" ಎಂದರು ಆಪರೇಟರಮ್ಮ. "ನನ್ನ ಗಿಟಾರಿನ ಬಾಯಿಗೆ ಯಾರೂ ಮೇಣ ಮೆತ್ತೋದು ಬೇಡ."

ಮಾರನೆಯ ದಿನ ಸಭಾಂಗಣ ತುಂಬಿತ್ತು. ಒಂದು ಕಡೆ ಊಟದ ಮೇಜುಗಳು, ಇನ್ನೊಂದು ಕಡೆ ಕುರ್ಚಿಗಳು. ಫ್ಯಾನುಗಳು ಕಿರುಗುಡುತ್ತಿದ್ದವು, ತಟ್ಟೆಗಳು ಟಣಟಣ ಎನ್ನುತ್ತಿದ್ದವು. ಹಳೆಯ ಲೈನ್‌ಮನ್‌ಗಳು, ಗುಮಾಸ್ತರು, ಆಪರೇಟರುಗಳು ಒಬ್ಬರ ಬೆನ್ನನ್ನೊಬ್ಬರು ತಟ್ಟುತ್ತ ಸೇರಿದ್ದರು. ಆಪರೇಟರಮ್ಮ ವೇದಿಕೆಯ ಹಿಂಭಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಬರೆದುಕೊಂಡ ಹಾಳೆ ಇಡಲು ಸ್ಟ್ಯಾಂಡ್ ಇರಲಿಲ್ಲವಾದ್ದರಿಂದ ಹಲ್ಲಿನವರೇ ಹಾಳೆ ಹಿಡಿದು ಪಕ್ಕದಲ್ಲಿ ನಿಂತರು.

ಗಿಟಾರಿನ ಸದ್ದು ಹೊರಡುವ ಆಂಪ್ ಪೆಟ್ಟಿಗೆಯನ್ನು ಸೂಪರ್‌ವೈಸರು ತಾವೇ ನಿಂತು ವೇದಿಕೆಯ ಅಂಚಿಗೆ, ಜನರ ಕಡೆ ಮುಖ ಮಾಡಿಸಿ, ದೂರಕ್ಕೆ ಎಳೆಸಿದ್ದರು. "ಗಣ್ಯರ ಕಾಲಿಗೆ ಸಿಗಬಾರದು" ಎಂದಿದ್ದರು. ಆಪರೇಟರಮ್ಮ ಮೊದಲೇ ಹೋಗಿ ಅದರ ಗುಂಡಿಗಳನ್ನೆಲ್ಲ ತಿರುಗುವಷ್ಟೂ ತಿರುಗಿಸಿ ಬಂದಿದ್ದರು. ಹಂಬಕರ್ ಹಾಕಿದ ಮೇಲೆ ಗುಂಯ್ ಎನ್ನುವ ಸುಳಿವೇ ಇಲ್ಲವಲ್ಲ, ಆಂಪ್ ಎಚ್ಚರವಾಗಿದೆಯೋ ಮಲಗಿದೆಯೋ ಹಿಂದೆ ಕೂತವರಿಗೆ ತಿಳಿಯುವಂತಿರಲಿಲ್ಲ.

ಸೂಪರ್‌ವೈಸರು ಆಂಪಿನ ಹಿಂದುಗಡೆ ಮೈಕಿನ ಮುಂದೆ ನಿಂತು, ತಮ್ಮ ದನಿಗೆ ತಾವೇ ಕಿವಿಗೊಡುತ್ತ ಎರಡು ಮಾತಿನ ಪರಿಚಯ ಶುರು ಮಾಡಿದರು. ಎರಡು ಮಾತು ಹತ್ತು ನಿಮಿಷವಾದರೂ ಮುಗಿಯಲಿಲ್ಲ. ಆಪರೇಟರಮ್ಮ ತಂತಿಗಳನ್ನು ಅಂಗೈಯಲ್ಲಿ ಅದುಮಿ ಹಿಡಿದು, ಬೆರಳ ಜಾಗ ನೋಡಿಕೊಳ್ಳಲು ಗಿಟಾರಿನ ಮೇಲೆ ಪೂರ್ತಿ ಬಾಗಿದ್ದರು. ಮೂಗು ಪಿಕಪ್ಪಿಗೆ ತಾಕುವಷ್ಟು ಹತ್ತಿರ.

"ನಮ್ಮ ಕಾಲದಲ್ಲಿ ಶಿಸ್ತಿತ್ತು" ಎಂದರು ಸೂಪರ್‌ವೈಸರು. "ನಾನು ಒಂದು ದಿನವೂ ತಡವಾಗಿ ಬಂದವನಲ್ಲ."

"ಬಂದು ಹತ್ತು ಗಂಟೆವರೆಗೂ ರೆಕಾರ್ಡ್ ರೂಮಲ್ಲಿ ನಿದ್ದೆ ಮಾಡ್ತಿದ್ರು, ಅದನ್ನ ಹೇಳಲ್ಲ" ಎಂದು ಆಪರೇಟರಮ್ಮ ಗೊಣಗಿದರು.

ಸಭೆ ಗೊಳ್ಳೆಂದು ನಕ್ಕಿತು. ಸೂಪರ್‌ವೈಸರಿಗೆ ಇದು ತಮ್ಮ ಮಾತಿನ ಮಹಿಮೆ ಎನಿಸಿ ಹುರುಪು ಬಂತು.

"ಯಾಕ್ರೀ ನಗ್ತಿದ್ದಾರೆ?"

"ಭಾಷಣ ಚೆನ್ನಾಗಿರಬೇಕು" ಎಂದರು ಹಲ್ಲಿನವರು, ಹಾಳೆಯಿಂದ ಕಣ್ಣು ತೆಗೆಯದೆ.

"ಶಿಸ್ತಿನ ಫಲ ಏನು ಅಂತ ಕೇಳ್ತೀರಾ?" ಸೂಪರ್‌ವೈಸರು ಎದೆ ಸೆಟೆಸಿದರು. "ಎಪ್ಪತ್ತು ದಾಟಿದೆ. ಇವತ್ತಿಗೂ ನನ್ನ ಒಂದು ಹಲ್ಲು ಅಲುಗಿಲ್ಲ."

"ಅಲುಗೋಕೆ ಒಂದಾದ್ರೂ ಉಳಿದಿದ್ರೆ ತಾನೇ. ಮೇಲಿನ ಸೆಟ್ಟೂ ನಿಮ್ಮದೇ, ಕೆಳಗಿನದೂ ನಿಮ್ಮದೇ, ಅಲ್ವೇನ್ರೀ?" ಎಂದರು ಆಪರೇಟರಮ್ಮ ಗಂಡನಿಗೆ.

ಈ ಸಲ ನಗು ಅಲೆಅಲೆಯಾಗಿ ಎದ್ದಿತು. ಯಾರೋ ಕುರ್ಚಿಯ ಕೈ ಬಡಿದರು. ಸೂಪರ್‌ವೈಸರು ತೃಪ್ತಿಯಿಂದ ತಲೆಬಾಗಿ ನಮಸ್ಕರಿಸಿದರು. ಹಲ್ಲಿನವರು ಹೆಂಡತಿಯ ಕಡೆ ಬಗ್ಗಿ "ಶ್, ಮೆತ್ತಗೆ" ಎಂದರು. ಆ 'ಶ್' ಕೂಡ ಆಂಪಿನಿಂದ ಬಸ್ಸಿನ ಬ್ರೇಕಿನ ಹಾಗೆ ಹೊರಟಿತೆಂದು ಅವರಿಗೆ ಹೇಗೆ ತಿಳಿಯಬೇಕು?

"ಮೆತ್ತಗೇ ಹೇಳ್ತಿದ್ದೀನಿ. ಮೊದಲನೇ ಸಾಲು ನೋಡಿ. ಹನ್ನೆರಡು ಜನ ಹೇಗೆ ಹಲ್ಲು ಬಿಡ್ತಿದ್ದಾರೆ. ಅದರಲ್ಲಿ ಒಂಬತ್ತು ನಿಮ್ಮ ಕೈಕೆಲಸ."

ಮೊದಲ ಸಾಲಿನಲ್ಲಿ ಒಂಬತ್ತು ಬಾಯಿಗಳು ಟಪ್ಪೆಂದು ಮುಚ್ಚಿಕೊಂಡವು. ಮೂವರು ಮಾತ್ರ ನಗುತ್ತಲೇ ಇದ್ದರು. ಹಿಂದಿನ ಸಾಲಿನವರೆಲ್ಲ ಎದ್ದು ನಿಂತು ಆ ಒಂಬತ್ತು ಯಾರೆಂದು ಎಣಿಸತೊಡಗಿದರು.

ಆಗ ಎರಡನೇ ಸಾಲಿನಿಂದ ಒಬ್ಬ ಹಳೆಯ ಲೈನ್‌ಮನ್ ಎದ್ದು, ಕಂಬದ ಮೇಲಿಂದ ಕೂಗುವ ತನ್ನ ಹಿಂದಿನ ದನಿಯಲ್ಲೇ ಹೇಳಿದ: "ಆಪರೇಟರಮ್ಮ, ನಿಮ್ಮ ಲೈನ್ ಓಪನ್ ಇದೆ. ಎಲ್ಲಾ ಕೇಳಿಸ್ತಿದೆ."

"ಏನು ಕೇಳಿಸ್ತಿದೆ?" ಎಂದರು ಆಪರೇಟರಮ್ಮ ಗಿಟಾರಿನ ಮೇಲಿಂದಲೇ.

ಏನು ಕೇಳಿಸ್ತಿದೆ ಎಂದು ಆಂಪ್ ಅವರಿಗಿಂತ ಜೋರಾಗಿ ಕೇಳಿತು.

ಹಲ್ಲಿನವರ ಕೈಯಿಂದ ಹಾಳೆ ಜಾರಿ ನೆಲಕ್ಕೆ ಬಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಆಪರೇಟರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. "ನಲವತ್ತು ವರ್ಷದ ಗುಟ್ಟು" ಎಂದಷ್ಟೇ ಅವರು ಮೆಲ್ಲನೆ ಹೇಳಿದ್ದು. ಗಂಡನ ಮುಖದಲ್ಲಿ ರಕ್ತವೇ ಇರಲಿಲ್ಲ. ಪಕ್ಕದ ಬಾಗಿಲು, ಬಾಯಿಗೆ ಒತ್ತಿಕೊಂಡ ಕರವಸ್ತ್ರಗಳು, ಆ ಬಾಗಿಲನ್ನು ನಂಬಿ ಬಂದವರು, ಎಲ್ಲವೂ ಆಪರೇಟರಮ್ಮನ ಕಣ್ಣ ಮುಂದೆ ಬಂದವು.

ಸೂಪರ್‌ವೈಸರಿಗೆ ಯಾವ ನಗು ಯಾವ ಮಾತಿಗೆ ಬಂದದ್ದು ಎಂಬ ಲೆಕ್ಕ ಈಗ ನಿಧಾನವಾಗಿ ಕೂಡುತ್ತಿತ್ತು. ಕೂಡಿ ಮುಗಿದ ಕೂಡಲೇ ಅವರು ಕಿವಿಯವರೆಗೆ ಕೆಂಪಗಾದರು.

"ಆ ಪ್ಲಗ್ ಕೀಳ್ರಿ" ಎಂದು ಕೈ ಬೀಸಿದರು. "ದನಿ ತಗ್ಗಿಸಿ. ಮೊದಲು ದನಿ ತಗ್ಗಿಸಿ."

ಆ ಎರಡು ಪದ ಬರದಿದ್ದರೆ ಆಪರೇಟರಮ್ಮ ಕ್ಷಮೆ ಕೇಳಿ, ಗಿಟಾರ್ ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದರೋ ಏನೋ. ಆ ಪದಗಳು ಕಿವಿಗೆ ಬಿದ್ದದ್ದೇ ಗದ್ದ ಮತ್ತೆ ಮುಂದೆ ಬಂತು. ಗಿಟಾರನ್ನು ಎತ್ತಿ, ಪಿಕಪ್ಪನ್ನು ಬಾಯಿಗೆ ಹತ್ತಿರ ಹಿಡಿದು, ಟ್ರಂಕ್ ಬೋರ್ಡಿನಲ್ಲಿ ಮಾತಾಡುತ್ತಿದ್ದ ಸ್ಪಷ್ಟ ದನಿಯಲ್ಲಿ ಹೇಳಿದರು:

"ಎಲ್ಲರೂ ಕೇಳಿಸ್ಕೊಳ್ಳಿ. ನಮ್ಮನೆಯವರು ಯಾರ ಹೆಸರನ್ನೂ ಯಾವತ್ತೂ ನನಗೆ ಹೇಳಿದವರಲ್ಲ. ಕಿಟಕಿಯಿಂದ ಇಣುಕಿ ನೋಡಿದ್ದು ನಾನು, ಎಣಿಸಿದ್ದು ನಾನು, ಬಾಯಿಬಿಟ್ಟಿದ್ದೂ ನಾನು. ತಪ್ಪು ನನ್ನದು, ಅವರದಲ್ಲ. ಬೈಯೋದಿದ್ರೆ ಆಮೇಲೆ ಬಂದು ನನ್ನನ್ನ ಬೈಯಿರಿ. ದನಿ ಮಾತ್ರ ತಗ್ಗಿಸಲ್ಲ. ಮೂವತ್ತಾರು ವರ್ಷ ತಗ್ಗಿಸಿದ್ದು ಸಾಕು."

ಹೀಗೆಂದು ಟ್ರಂಕ್ ಕಾಲ್ ಶುರು ಮಾಡಿದರು.

ಹಾಳೆ ನೆಲದಲ್ಲಿತ್ತು, ಬೇಕೂ ಆಗಲಿಲ್ಲ. ಮೊದಲ ಕರೆ ಬಂತು, ಎರಡನೆಯದು ಬಂತು. ಹಗುರ ಕೈಯಿಂದ ಮೀಟಿದ ಒಂದೊಂದು ಸ್ವರವೂ ಆ ಹಳೆಯ ಪಿಕಪ್ಪಿನಲ್ಲಿ ಬಂಡೆಯಷ್ಟು ದಪ್ಪವಾಗಿ ಉರುಳಿಕೊಂಡು ಹೊರಬಂತು. ತಟ್ಟೆಗಳು ಮೇಜಿನ ಮೇಲೆ ತಾವಾಗಿಯೇ ಸರಿದವು. ಎಲ್ಲ ಲೈನುಗಳೂ ಒಟ್ಟಿಗೆ ಬೀಳುವ ಜಾಗಕ್ಕೆ ಬಂದಾಗ ಪಿಕಪ್ ಕುಂಯ್ಯೆಂದು ಕಿರುಚತೊಡಗಿತು. ಮನೆಯಲ್ಲಾಗಿದ್ದರೆ ಆಪರೇಟರಮ್ಮ ಬೆದರುತ್ತಿದ್ದರು. ಈಗ ಆ ಕಿರುಚಾಟವನ್ನೂ ಒಂದು ಕರೆ ಎಂದೇ ಹಿಡಿದು, ಬೆರಳಿನಿಂದ ತಡೆದು, ಬಿಟ್ಟು, ಮತ್ತೆ ತಡೆದು ಧಾಟಿಯೊಳಕ್ಕೆ ನೇಯ್ದುಬಿಟ್ಟರು. ಪ್ಲಗ್ ಕೀಳಲು ಹೊರಟ ಸೂಪರ್‌ವೈಸರು ಆಂಪಿನ ಎದುರಿಗೆ ಬಂದವರು ಎರಡೂ ಕೈಯಲ್ಲಿ ದವಡೆ ಹಿಡಿದುಕೊಂಡು ಹಿಂದೆ ಸರಿದರು. ಆ ಸದ್ದಿನ ಅದುರಾಟಕ್ಕೆ ಮೇಲಿನ ಸೆಟ್ ಕೆಳಗಿನದಕ್ಕೆ ಕಟಕಟ ಬಡಿಯುತ್ತಿತ್ತು.

ಕೊನೆಯ ಸ್ವರ ನಿಂತಿತು. ಆಪರೇಟರಮ್ಮನ ಹಣೆಯಲ್ಲಿ ಬೆವರು. ಇಷ್ಟು ಚೆನ್ನಾಗಿ ಅವರು ಯಾವತ್ತೂ ನುಡಿಸಿರಲಿಲ್ಲ, ಅದು ಅವರಿಗೇ ಗೊತ್ತಾಗಿತ್ತು. ಆಮೇಲೆ ಮೂರನೇ ಸಾಲಿನಲ್ಲಿ ಅವರ ಪಕ್ಕದ ಬೋರ್ಡಿನಲ್ಲೇ ಇಷ್ಟು ವರ್ಷ ಕೂತಿದ್ದ ಹಳೆಯ ಗೆಳತಿ ಎದ್ದು ನಿಂತಳು.

"ನಂದೂ ಅಲ್ಲಿಯದೇ ಕಣ್ರೀ" ಎಂದಳು ಸುತ್ತಲೂ ನೋಡಿ. "ಮೇಲಿನ ಸಾಲು ಪೂರ್ತಿ. ಅದಕ್ಕೇನೀಗ?"

ಎಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು. ಹಿಂದೆಯೇ ಇಡೀ ಸಭೆ ತಟ್ಟಿತು. ಜನ ಎದ್ದು ಒಬ್ಬೊಬ್ಬರಾಗಿ ವೇದಿಕೆಯ ಕಡೆಗೇ ಬರತೊಡಗಿದರು. ಎಲ್ಲರಿಗಿಂತ ಮುಂದೆ ಸೂಪರ್‌ವೈಸರು. ಆಪರೇಟರಮ್ಮ ಎದ್ದು, ಸೀರೆ ಸರಿಮಾಡಿಕೊಂಡು, ಬೈಗುಳ ಬಂದರೆ ಎದುರಿಸಲು ಗದ್ದವನ್ನೂ, ಹೊಗಳಿಕೆ ಬಂದರೆ ಸ್ವೀಕರಿಸಲು ಒಂದು ವಿನಯದ ನಗುವನ್ನೂ ಸಿದ್ಧವಾಗಿಟ್ಟುಕೊಂಡು ನಿಂತರು.

ಸೂಪರ್‌ವೈಸರು ಅವರನ್ನು ದಾಟಿಕೊಂಡು ನೇರವಾಗಿ ಹಲ್ಲಿನವರ ಮುಂದೆ ಹೋಗಿ, ಆಪರೇಟರಮ್ಮ ಬಿಟ್ಟೆದ್ದ ಕುರ್ಚಿಯಲ್ಲೇ ಕೂತು ತಲೆ ಹಿಂದಕ್ಕೆ ವಾಲಿಸಿದರು. ಅವರ ಹಿಂದೆ ಮೊದಲ ಸಾಲಿನ ಒಂಬತ್ತು ಜನ ಸಾಲಾಗಿ ನಿಂತರು. ಒಂಬತ್ತರ ಹಿಂದೆ ಇನ್ನೂ ಹದಿನಾಲ್ಕು.

"ಕೆಳಗಿನದು ಎರಡು ತಿಂಗಳಿಂದ ಒತ್ತುತ್ತಿದೆ, ಎಡಗಡೆ. ಕದ್ದು ಬರೋಕೆ ಸಮಯಾನೇ ಆಗಿರಲಿಲ್ಲ" ಎಂದರು ಸೂಪರ್‌ವೈಸರು. "ಈಗ ಹೇಗೂ ಎಲ್ಲರಿಗೂ ಗೊತ್ತಾಯ್ತಲ್ಲ, ಇಲ್ಲೇ ನೋಡಿಬಿಡಿ."

ಹಲ್ಲಿನವರ ಮುಖಕ್ಕೆ ಮೆಲ್ಲಗೆ ಬಣ್ಣ ಮರಳಿತು. ಜೇಬಿನಿಂದ ಕನ್ನಡಕ ತೆಗೆದು ಏರಿಸಿ, ತೋಳು ಮಡಚಿ, ಬಾಗಿ ನೋಡಿದರು.

ಆಪರೇಟರಮ್ಮ ಗಿಟಾರ್ ಹಿಡಿದು ಅಲ್ಲೇ ನಿಂತಿದ್ದರು. "ನುಡಿಸಿದ್ದು ಹೇಗಿತ್ತು ಅಂತ ಯಾರೂ ಹೇಳಲೇ ಇಲ್ಲ" ಎಂದರು, ಯಾರಿಗೆ ಎಂದು ಗೊತ್ತಿಲ್ಲದೆ. ಆಂಪ್ ಆ ಮಾತನ್ನು ಸಭಾಂಗಣಕ್ಕೆಲ್ಲ ಹಂಚಿತು.

ಸೂಪರ್‌ವೈಸರು ಬಾಯಿ ತೆರೆದುಕೊಂಡೇ ಕೈ ಆಡಿಸಿ ಹೇಳಿದರು:

"ಸ್ವಲ್ಪ ಪಕ್ಕಕ್ಕೆ ಬನ್ನಿ ಆಪರೇಟರಮ್ಮ, ಬಾಯೊಳಗೆ ಬೆಳಕು ಬೀಳ್ತಿಲ್ಲ."